ಅಮ್ಮತ್ತಿಯ ಹುಡುಗಿಗೆ ಬ್ಯಾಸ್ಕೆಟ್‌ಬಾಲ್ ಅನ್ನದ ದಾರಿ ಆಗಬಲ್ಲದೇ?

ಪ್ರಶ್ನೆ: ನಾವು ಅಮ್ಮತ್ತಿ ಹತ್ತಿರದ ಸಣ್ಣ ಕಾಫಿ ಬೆಳೆಗಾರರು. ಮಗಳಿಗೆ 14 ವರ್ಷ, 9ನೇ ತರಗತಿ, ಎತ್ತರ 168 ಸೆಂ.ಮೀ. ಶಾಲಾ ತಂಡದಲ್ಲಿ ಸೆಂಟರ್ ಆಡುತ್ತಾಳೆ, ಈ ವರ್ಷ ವಿಭಾಗ ಮಟ್ಟದವರೆಗೂ ಹೋಗಿ ಬಂದಳು. ಹಾಕಿಯೂ ಆಡುತ್ತಾಳೆ. ಈಗ ಬ್ಯಾಸ್ಕೆಟ್‌ಬಾಲೇ ನನ್ನ ವೃತ್ತಿ ಎಂದು ಹಟ ಹಿಡಿದಿದ್ದಾಳೆ. ಇದರಲ್ಲಿ ಅನ್ನ ಹುಟ್ಟುತ್ತದೆಯೇ? ಕೊಡಗಿನಲ್ಲೇ ಇದ್ದು ಸಾಧ್ಯವೇ, ಹೊರಗೆ ಕಳಿಸಬೇಕೇ? ಹಾಕಿ ಬಿಡಿಸಬೇಕೇ?

ಉತ್ತರ: ಅನ್ನ ಹುಟ್ಟುತ್ತದೆ. ಆದರೆ ಅವಳು ಮೊಬೈಲ್‌ನಲ್ಲಿ ನೋಡುವ ಅಮೆರಿಕದ ಎನ್‌ಬಿಎ ಲೀಗ್ ಆಟಗಾರರ ಹಾಗೆ, ಕ್ಲಬ್‌ಗೆ ಸಹಿ ಹಾಕಿ ಸೀಸನ್‌ಗೆ ಇಷ್ಟು ಎಂದು ಹಣ ಪಡೆಯುವ ವೃತ್ತಿ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇನ್ನೂ ರೂಪುಗೊಂಡಿಲ್ಲ. ಗಂಡಸರಿಗೇ ಅದು ಗಟ್ಟಿಯಾಗಿ ನಿಂತಿಲ್ಲ. ಯುಬಿಎ ಲೀಗ್ 2015ರಲ್ಲಿ ಶುರುವಾಗಿ 2017ಕ್ಕೆ ನಿಂತುಹೋಯಿತು. 2022ರಲ್ಲಿ ಬಂದ ಐಎನ್‌ಬಿಎಲ್ (ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್) ಕೂಡ ವರ್ಷವಿಡೀ ನಡೆಯುವ ಲೀಗ್ ಅಲ್ಲ, ಅದೊಂದನ್ನೇ ನಂಬಿ ಸಂಸಾರ ನಡೆಸಲಾಗದು. ಇಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬದುಕುವುದು ಎಂದರೆ ನೌಕರಿ ಕೊಡುವ ತಂಡಕ್ಕೆ ಆಡುವುದು: ರೈಲ್ವೆ, ಕೇರಳ ರಾಜ್ಯ ವಿದ್ಯುತ್ ಮಂಡಳಿ, ಪೊಲೀಸ್, ಕೇಂದ್ರ ಸರ್ಕಾರದ ಕೆಲವು ಇಲಾಖೆಗಳು. ಚೆನ್ನೈನ ಅನಿತಾ ಪಾಲ್‌ದುರೈ 18 ವರ್ಷ ಭಾರತ ತಂಡಕ್ಕೆ ಆಡಿದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್‌ಗೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ವರೆಗೂ ಹೋದರು. ಇಬ್ಬರಿಗೂ ತಿಂಗಳ ಸಂಬಳ ಬರುತ್ತಿದ್ದದ್ದು ದಕ್ಷಿಣ ರೈಲ್ವೆಯಿಂದ. ಇದನ್ನು ಕೀಳಾಗಿ ಕಾಣಬೇಡಿ. ಮಂಡಿ ಪೆಟ್ಟಾಗಿ ಒಂದು ವರ್ಷ ಕೂತರೂ ಸಂಬಳ ನಿಲ್ಲದ ವ್ಯವಸ್ಥೆ ಯುರೋಪಿನ ಎಷ್ಟೋ ಕ್ಲಬ್ ಆಟಗಾರ್ತಿಯರಿಗೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ಅವಳು ಸೆಂಟರ್ ಆಡುತ್ತಾಳೆ ಎಂಬ ಮಾತು. ಸಣ್ಣ ಊರಿನ ಶಾಲಾ ತಂಡಗಳಲ್ಲಿ ಎಲ್ಲರಿಗಿಂತ ಎತ್ತರದವಳನ್ನು ರಿಂಗ್ ಕೆಳಗೆ ನಿಲ್ಲಿಸುತ್ತಾರೆ. ಚೆಂಡು ಮೇಲಿಂದ ಕೊಡುತ್ತಾರೆ, ಅವಳು ತಿರುಗಿ ಹಾಕುತ್ತಾಳೆ, ಪಂದ್ಯ ಗೆಲ್ಲುತ್ತಾರೆ. ತಾಲ್ಲೂಕು, ಜಿಲ್ಲೆ ಮಟ್ಟದಲ್ಲಿ ಇದು ನಡೆಯುತ್ತದೆ. ಅದೇ ಹುಡುಗಿ 16ನೇ ವಯಸ್ಸಿಗೆ ರಾಜ್ಯ ಆಯ್ಕೆ ಶಿಬಿರಕ್ಕೆ ಹೋದಾಗ ಅಲ್ಲಿನ ಸೆಂಟರ್‌ಗಳು 178–183 ಸೆಂ.ಮೀ. ಇರುತ್ತಾರೆ. ಅವರ ನಡುವೆ ಇವಳು ಕುಳ್ಳಿ. ಗಾರ್ಡ್ (ರಿಂಗ್‌ನಿಂದ ದೂರ ನಿಂತು ಚೆಂಡು ತಂದು ಆಟ ನಡೆಸುವವಳು) ಆಡಿಸೋಣವೆಂದರೆ ಎಡಗೈಯಲ್ಲಿ ಚೆಂಡು ನಿಲ್ಲುವುದಿಲ್ಲ, ತಲೆಯೆತ್ತಿ ಪಾಸ್ ನೋಡಿ ಅಭ್ಯಾಸವಿಲ್ಲ, 5 ಮೀಟರ್ ಆಚೆಯಿಂದ ಶಾಟ್ ಇಲ್ಲ. ಜಿಲ್ಲೆಯಲ್ಲಿ ಮಿಂಚಿದ ಎಷ್ಟೋ ಮಕ್ಕಳು ಕಳೆದುಹೋಗುವುದು ಇಲ್ಲಿಯೇ. ಹೆಣ್ಣುಮಕ್ಕಳು ಋತುಮತಿಯಾದ ಎರಡು–ಮೂರು ವರ್ಷದಲ್ಲಿ ಬಹುಪಾಲು ಬೆಳೆದು ಮುಗಿಸಿರುತ್ತಾರೆ. ಹಾಗಾಗಿ ಅವಳು 172ರ ಆಸುಪಾಸಿಗೆ ನಿಲ್ಲಬಹುದೆಂದು ಇಟ್ಟುಕೊಂಡು ಇಂದಿನಿಂದಲೇ ಗಾರ್ಡ್ ಆಗಿ ತಯಾರಿ ಮಾಡಿ. 172 ಸೆಂ.ಮೀ.ನ ಗಾರ್ಡ್‌ಗೆ ಭಾರತ ತಂಡದಲ್ಲೂ ಜಾಗವಿದೆ, ಅದೇ ಎತ್ತರದ ಸೆಂಟರ್‌ಗೆ ರಾಜ್ಯ ತಂಡದಲ್ಲೂ ಕಷ್ಟ. ಶಾಲೆಯ ದೈಹಿಕ ಶಿಕ್ಷಕರನ್ನು ಭೇಟಿಯಾಗಿ ವಿನಯದಿಂದ ಒಂದು ವಿಷಯ ಕೇಳಿಕೊಳ್ಳಿ: ಪಂದ್ಯದಲ್ಲಿ ಎಲ್ಲಿ ಬೇಕಾದರೂ ಆಡಿಸಿ, ಅಭ್ಯಾಸದಲ್ಲಿ ಮಾತ್ರ ನಮ್ಮ ಅರ್ಧದಿಂದ ಎದುರಾಳಿಯ ರಿಂಗ್ ಕಡೆಗೆ ಚೆಂಡು ಒಯ್ಯುವ ಕೆಲಸ ಅವಳಿಗೇ ಕೊಡಿ.

ಇನ್ನು ಮನೆಯ ಅಭ್ಯಾಸ. ಕಾಫಿ ಒಣಗಿಸುವ ಸಿಮೆಂಟ್ ಕಣ ನಿಮ್ಮಲ್ಲಿ ಇದ್ದೇ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ಸಿಗದ ಸೌಕರ್ಯ ಇದು. ಒಂದು ಕಂಬ, ಒಂದು ಬೋರ್ಡ್ ಸಾಕು. ಅಳತೆ ಮಾತ್ರ ತಪ್ಪಬಾರದು. ರಿಂಗ್‌ನ ಮೇಲಂಚು ನೆಲದಿಂದ 3.05 ಮೀಟರ್, ಒಳವ್ಯಾಸ 45 ಸೆಂ.ಮೀ., ಕಬ್ಬಿಣದ ಸರಳು 16ರಿಂದ 20 ಮಿ.ಮೀ. ದಪ್ಪ. ಬೋರ್ಡ್ 1.80 ಮೀ. ಅಗಲ, 1.05 ಮೀ. ಎತ್ತರ, ಅದರ ಕೆಳಅಂಚು ನೆಲದಿಂದ 2.90 ಮೀ. ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಶಾಟ್) ಗೆರೆ ಬೋರ್ಡ್‌ನ ಮುಖದಿಂದ 4.60 ಮೀ. ಮೂರು ಅಂಕದ ಗೆರೆಯನ್ನು ಬೋರ್ಡ್‌ನಿಂದ ಅಳೆಯಬೇಡಿ, ರಿಂಗ್‌ನ ನಡುಬಿಂದುವಿನ ನೇರ ಕೆಳಗಿನಿಂದ 6.75 ಮೀ. ಅಳೆಯಿರಿ. ಈ ತಪ್ಪನ್ನು ಎಷ್ಟೋ ಶಾಲಾ ಅಂಗಳಗಳಲ್ಲೂ ಮಾಡಿರುತ್ತಾರೆ.

ಕಣಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಅದನ್ನು ಗಮನಿಸಿ. 100ಕ್ಕೆ 1 ಇಳಿಜಾರಿದ್ದರೂ ಫ್ರೀ ಥ್ರೋ ಗೆರೆಯ ಹೊತ್ತಿಗೆ ನೆಲ ಸುಮಾರು 4 ಸೆಂ.ಮೀ. ಏರಿರುತ್ತದೆ ಅಥವಾ ಇಳಿದಿರುತ್ತದೆ. ದಿನಾ ಅಲ್ಲಿಂದ ಹಾಕಿದ ಕೈ ನಿಜವಾದ ಅಂಕಣದಲ್ಲಿ ಶಾಟ್ ಕಡಿಮೆ ಬೀಳಿಸುತ್ತದೆ ಅಥವಾ ಹೆಚ್ಚು ಎತ್ತುತ್ತದೆ. ಆದ್ದರಿಂದ ಇಳಿಜಾರು ಎಡದಿಂದ ಬಲಕ್ಕೆ ಹೋಗುವಂತೆ ಕಂಬದ ಜಾಗ ಆರಿಸಿ. ಕಂಬವನ್ನು ಬೋರ್ಡ್‌ನಿಂದ ಕನಿಷ್ಠ 1 ಮೀಟರ್ ಹಿಂದಕ್ಕೆ ನಿಲ್ಲಿಸಿ, ಮೇಲೆ ಚಾಚಿದ ತೋಳಿಗೆ ಬೋರ್ಡ್ ಕೂಡಿಸಿ. ಲೇಅಪ್ (ಓಡುತ್ತಾ ರಿಂಗ್ ಹತ್ತಿರದಿಂದ ಹಾಕುವ ಶಾಟ್) ಹಾಕಿ ಓಡಿಬಂದವಳು ಕಂಬಕ್ಕೆ ಬಡಿದುಕೊಳ್ಳಬಾರದು. ಕಂಬಕ್ಕೆ ಹಳೆಯ ಹಾಸಿಗೆಯ ಫೋಮ್ ಸುತ್ತಿ. ಬುಡ ಮುಕ್ಕಾಲು ಮೀಟರಾದರೂ ಕಾಂಕ್ರೀಟಿನಲ್ಲಿ ಹೂಳಬೇಕು, ಇಲ್ಲವಾದರೆ ಒಂದೇ ಮಳೆಗಾಲಕ್ಕೆ ವಾಲುತ್ತದೆ.

ಚೆಂಡು 6ನೇ ಸೈಜಿನದು ತನ್ನಿ. ಅಂಗಡಿಯವರು ಕಣ್ಣುಮುಚ್ಚಿ 7 ಕೊಡುತ್ತಾರೆ, ಅದು ಗಂಡಸರದು. 6ನೆಯದರ ಸುತ್ತಳತೆ 71.5–73 ಸೆಂ.ಮೀ., ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. 7ರಲ್ಲಿ ಅಭ್ಯಾಸ ಮಾಡಿದ ಹುಡುಗಿ ಬಲ ಸಾಲದೆ ಎರಡೂ ಕೈಯಲ್ಲಿ ಎದೆಯಿಂದ ತಳ್ಳುವುದನ್ನು ಕಲಿಯುತ್ತಾಳೆ, ಆಮೇಲೆ ಆ ಅಭ್ಯಾಸ ಬಿಡಿಸುವುದಕ್ಕೆ ಒಂದು ವರ್ಷ ಬೇಕು. ಗಾಳಿಯ ಒತ್ತಡ ವಾಲ್ವ್ ಪಕ್ಕದಲ್ಲೇ ಬರೆದಿರುತ್ತದೆ, ಸಾಮಾನ್ಯವಾಗಿ 7ರಿಂದ 9 ಪಿಎಸ್‌ಐ. ಡಿಸೆಂಬರ್–ಜನವರಿಯ ಕೊಡಗಿನ ಮುಂಜಾವಿನ ಚಳಿಗೆ ಚೆಂಡು ಮೆತ್ತಗಾಗುತ್ತದೆ, ಅಭ್ಯಾಸದ ಮುಂಚೆ ನೋಡಿಕೊಳ್ಳಿ.

ದಿನದ ಕೆಲಸ ಒಂದೂಕಾಲು ಗಂಟೆ ಸಾಕು, ವಾರಕ್ಕೆ ಐದು ದಿನ. ಮೊದಲ 15 ನಿಮಿಷ ಡ್ರಿಬ್ಲಿಂಗ್, ಅದರಲ್ಲಿ 10 ನಿಮಿಷ ಎಡಗೈ. ನೀವು ಎದುರಿಗೆ ನಿಂತು ಬೆರಳು ತೋರಿಸಿ, ಎಷ್ಟು ಎಂದು ಅವಳು ಹೇಳಬೇಕು. ತಲೆ ತಗ್ಗಿಸಿದರೆ ಹೇಳಲಾಗದು. ನಂತರ ರಿಂಗ್‌ನಿಂದ ಒಂದೂವರೆ ಮೀಟರ್ ದೂರದಲ್ಲಿ ಒಂದೇ ಕೈಯಲ್ಲಿ 50 ಬುಟ್ಟಿ, ಇನ್ನೊಂದು ಕೈ ಬೆನ್ನ ಹಿಂದೆ. ಆಮೇಲೆ ಐದು ಜಾಗಗಳಿಂದ ಹತ್ತತ್ತು ಬುಟ್ಟಿ, 4 ಮೀಟರ್‌ನಿಂದ ಶುರು. ಹತ್ತರಲ್ಲಿ ಏಳು ಬೀಳತೊಡಗಿದ ಮೇಲೆ ಅರ್ಧ ಮೀಟರ್ ಹಿಂದಕ್ಕೆ. ಮೂರಂಕದ ಗೆರೆಗೆ ಆತುರ ಬೇಡ. ಚೆಂಡು ಹೊಟ್ಟೆಯ ಮಟ್ಟದಿಂದ ಏಳುತ್ತಿದೆ, ಸೊಂಟ ತಿರುಗುತ್ತಿದೆ, ಶಾಟ್ ಮುಗಿದಾಗ ಪಾದ ಒಂದು ಅಡಿ ಮುಂದೆ ಬಿದ್ದಿದೆ ಎಂದರೆ ಆ ದೂರ ಅವಳ ಬಲಕ್ಕೆ ಮೀರಿದ್ದು. ಕೊನೆಯಲ್ಲಿ 50 ಫ್ರೀ ಥ್ರೋ, ಆದರೆ ಒಂದೇ ಏಟಿಗೆ ಅಲ್ಲ: ಕಣ ಎರಡು ಸುತ್ತು ಓಡುವುದು, ಹತ್ತು ಹಾಕುವುದು, ಮತ್ತೆ ಓಡುವುದು. ಪಂದ್ಯದಲ್ಲಿ ಫ್ರೀ ಥ್ರೋ ಸಿಗುವುದು ಏದುಸಿರಿನಲ್ಲೇ. ಎಷ್ಟು ಬಿತ್ತು ಎಂದು ದಿನಾಂಕದ ಜೊತೆ ನೋಟ್‌ಬುಕ್‌ನಲ್ಲಿ ಬರೆಸಿ. ಈಗ 100ಕ್ಕೆ 60 ಬಿದ್ದರೆ ಪರವಾಗಿಲ್ಲ, 16ನೇ ವಯಸ್ಸಿಗೆ 70 ದಾಟಿರಬೇಕು.

ಓಟಕ್ಕೆ ಒಂದು ಪರೀಕ್ಷೆ ಇದೆ. ಅಂಕಣದ ಅಗಲ 15 ಮೀಟರ್, ಆ ಗೆರೆಯಿಂದ ಈ ಗೆರೆಗೆ ಒಟ್ಟು 17 ಸಲ ಓಡುವುದು. 70 ಸೆಕೆಂಡಿನೊಳಗೆ ಮುಗಿಸಿದರೆ ಅವಳ ವಯಸ್ಸಿಗೆ ಒಳ್ಳೆಯದು. ತಿಂಗಳಿಗೊಮ್ಮೆ ಮಾಡಿಸಿ, ದಿನಾ ಬೇಡ. ಕಾಂಕ್ರೀಟ್ ಮೇಲೆ ಅತಿಯಾಗಿ ನೆಗೆದರೆ ಮಂಡಿಚಿಪ್ಪಿನ ಕೆಳಗೆ ನೋವು ಬರುತ್ತದೆ, ಬೆಳೆಯುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ನೋವಿದ್ದಾಗ ನೆಗೆತ ನಿಲ್ಲಿಸಿ, ನಿಂತು ಹಾಕುವ ಶಾಟ್ ಮತ್ತು ಡ್ರಿಬ್ಲಿಂಗ್ ಮುಂದುವರಿಸಿ. ಹೊರಗಿನ ಕಣಕ್ಕೆ ಒಂದು ಜೊತೆ ಶೂ, ಮರದ ನೆಲದ ಒಳಾಂಗಣಕ್ಕೆ ಇನ್ನೊಂದು ಜೊತೆ. ಕಾಂಕ್ರೀಟಿನಲ್ಲಿ ಸವೆದ ಅಟ್ಟೆ ಮರದ ಮೇಲೆ ಜಾರುತ್ತದೆ, ಪಾದ ಮಡಚುತ್ತದೆ.

ಕೊಡಗಿನ ಕ್ಯಾಲೆಂಡರ್ ಈ ಆಟಕ್ಕೆ ಸ್ವಲ್ಪ ಒರಟು. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು. ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಹರಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕೊಯ್ಲಿನ ದಿನಗಳಲ್ಲಿ ರಿಂಗ್ ಸುತ್ತ 6 ಮೀಟರಿನ ಚೌಕ ಬಿಟ್ಟು ಕಾಫಿ ಹರಡಿದರೂ ಸಾಕಾಗುತ್ತದೆ. ಮಳೆಗಾಲದಲ್ಲಿ ಹಠ ಬೇಡ. ಪಾಚಿ ಕಟ್ಟಿದ ಸಿಮೆಂಟ್ ಮೇಲೆ ದಿಕ್ಕು ಬದಲಿಸಿದರೆ ಹರಿಯುವುದು ಮಂಡಿಯ ಅಸ್ಥಿರಜ್ಜು. ಆ ನಾಲ್ಕು ತಿಂಗಳನ್ನು ದೇಹ ಕಟ್ಟುವುದಕ್ಕೆ ಇಟ್ಟುಕೊಳ್ಳಿ: ಬಸ್ಕಿ, ಒಂಟಿಕಾಲ ಬಸ್ಕಿ, ಪುಷ್‌ಅಪ್, ಹಗ್ಗದಾಟ, ಜಗಲಿಯಲ್ಲಿ ಡ್ರಿಬ್ಲಿಂಗ್. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ ಇರುವುದಿಲ್ಲ, ಕೊಡವ ಸಮಾಜದ ಸಭಾಂಗಣಗಳು ಬಿಡುವಾಗಿರುತ್ತವೆ. ಊರಿನ ನಾಲ್ಕಾರು ಮಕ್ಕಳನ್ನು ಸೇರಿಸಿ ಕೇಳಿದರೆ ಸಂಜೆ ಒಂದು ಗಂಟೆ ಕೊಡುವ ಹಿರಿಯರು ಸಿಗಬಹುದು. ಟೈಲ್ಸ್ ನೆಲದಲ್ಲಿ ಪಾಸಿಂಗ್, ಡ್ರಿಬ್ಲಿಂಗ್ ಮಾತ್ರ. ನೆಗೆತ, ತಿರುವು ಬೇಡವೇ ಬೇಡ.

ಆದರೆ ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮನೆಯಲ್ಲಿ ತುಂಬಲಾಗದು: ತನಗಿಂತ ಚೆನ್ನಾಗಿ ಆಡುವವರ ಎದುರು ದಿನವೂ ಐದು–ಐದರ ಆಟ. ಒಬ್ಬಳೇ ಕಣದಲ್ಲಿ ಕಲಿತ ಶಾಟ್, ಕೈ ಎದುರು ಬಂದಾಗ, ಹಿಂದಿನಿಂದ ಒಬ್ಬಳು ದಬ್ಬುತ್ತಿರುವಾಗ, 24 ಸೆಕೆಂಡಿನ ಗಡಿಯಾರ ಮುಗಿಯುತ್ತಿರುವಾಗ ಬೀಳಬೇಕು. ಅದು ಎದುರಾಳಿಯಿಲ್ಲದೆ ಬರುವುದಿಲ್ಲ. ಕೊಡಗಿನಲ್ಲಿ ಹಾಕಿಗೆ ಆ ಎದುರಾಳಿ ಪ್ರತಿ ಊರಲ್ಲೂ ಇದ್ದಾನೆ, ಬ್ಯಾಸ್ಕೆಟ್‌ಬಾಲ್‌ಗೆ ಇಲ್ಲ.

ಸದ್ಯಕ್ಕೆ ಇದಕ್ಕೆ ಪರಿಹಾರ 3x3. ಒಂದೇ ರಿಂಗ್, ಅರ್ಧ ಅಂಕಣ, ಒಂದು ತಂಡಕ್ಕೆ ಮೂವರು ಮತ್ತು ಒಬ್ಬ ಬದಲಿ. 10 ನಿಮಿಷ ಅಥವಾ ಯಾರಿಗೆ ಮೊದಲು 21 ಅಂಕ. ಶಾಟ್‌ಗೆ 12 ಸೆಕೆಂಡ್ ಮಾತ್ರ. ಹತ್ತು ಹುಡುಗಿಯರು ಸಿಗದ ಕಡೆ ಆರು ಮಂದಿ ಸಿಗುತ್ತಾರೆ, ಇಲ್ಲವಾದರೆ ಹುಡುಗರ ಜೊತೆ ಆಡಲಿ. ಪೂರ್ಣ ಪಂದ್ಯಕ್ಕಿಂತ ಪ್ರತಿಯೊಬ್ಬಳಿಗೂ ಚೆಂಡು ಎಷ್ಟೋ ಪಟ್ಟು ಹೆಚ್ಚು ಸಿಗುತ್ತದೆ, ಎತ್ತರದವಳೂ ಚೆಂಡು ಹಿಡಿದು ನುಗ್ಗಲೇಬೇಕಾಗುತ್ತದೆ, ಅಂದರೆ ಅವಳಿಗೆ ಬೇಕಾದ ಔಷಧ ಇದೇ. 3x3 ಚೆಂಡಿನ ಗಾತ್ರ 6ರದ್ದು, ತೂಕ ಮಾತ್ರ 7ರದ್ದು ಎಂಬುದು ನೆನಪಿರಲಿ. ಇದನ್ನು ಮಕ್ಕಳಾಟ ಎಂದುಕೊಳ್ಳಬೇಡಿ. ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲೂ ಇದೆ, ಮತ್ತು 2013ರಲ್ಲಿ ದೋಹಾದಲ್ಲಿ ಏಷ್ಯಾದ 3x3 ಚಾಂಪಿಯನ್‌ಶಿಪ್ ಗೆದ್ದವರು ನಮ್ಮ ಮಹಿಳೆಯರೇ.

ಹೊರಗೆ ಕಳಿಸುವ ಮಾತಿಗೆ ಬರೋಣ. ನನ್ನ ಅಭಿಪ್ರಾಯ ಖಚಿತ: ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಕಳಿಸಿ. ಅದಕ್ಕಿಂತ ಮುಂಚೆ ಬೇಕಿಲ್ಲ, ಪಿಯುಸಿ ಮುಗಿಯುವವರೆಗೆ ಕಾದರೆ ತಡ. ರಾಷ್ಟ್ರೀಯ ಯೂತ್ ಟೂರ್ನಿ 16ರ ಒಳಗಿನವರದು, ಜೂನಿಯರ್ 18ರ ಒಳಗಿನವರದು. ಪಿಯುಸಿಯ ಎರಡು ವರ್ಷಗಳೇ ಜೂನಿಯರ್ ತಂಡದ ಬಾಗಿಲು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಶೈಕ್ಷಣಿಕ ವರ್ಷ ಶುರುವಾಗುವ ಮುಂಚೆ ಆಯ್ಕೆ ಟ್ರಯಲ್ಸ್ ನಡೆಯುತ್ತವೆ. ಊಟ, ವಸತಿ, ತರಬೇತಿ ಸರ್ಕಾರದ್ದು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೈಸೂರಿನ ಇಲಾಖಾ ತಂಡಕ್ಕೆ ರಾಜ್ಯದಲ್ಲಿ ಒಳ್ಳೆಯ ಹೆಸರಿದೆ, ಗೋಣಿಕೊಪ್ಪ–ಹುಣಸೂರು ದಾರಿಯಲ್ಲಿ ನಿಮಗೆ ಅದೇ ಹತ್ತಿರ. ಅಧಿಸೂಚನೆ ಪತ್ರಿಕೆಯ ಮೂಲೆಯಲ್ಲಿ ಬಂದು ಹೋಗುತ್ತದೆ, ಅರ್ಜಿಗೆ ದಿನಗಳು ಕಡಿಮೆ. ಜನವರಿಯಿಂದ ಮಡಿಕೇರಿಯ ಜಿಲ್ಲಾ ಕ್ರೀಡಾ ಇಲಾಖೆ ಕಚೇರಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿರಿ. ಟ್ರಯಲ್ಸ್‌ನಲ್ಲಿ ಎತ್ತರ, ಓಟ, ನೆಗೆತ ಅಳೆಯುತ್ತಾರೆ, ಆಮೇಲೆ ಆಡಿಸಿ ನೋಡುತ್ತಾರೆ. ಇನ್ನೊಂದು ದಾರಿ ಬೆಂಗಳೂರಿನ ಕ್ಲಬ್‌ಗಳು. ರಾಜ್ಯ ತಂಡದ ಆಯ್ಕೆ ನಡೆಯುವುದು ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ನೋಂದಾಯಿತ ಕ್ಲಬ್‌ಗಳ ಟೂರ್ನಿಗಳನ್ನು ನೋಡಿಯೇ. ಬರೀ ಶಾಲಾ ಕ್ರೀಡಾಕೂಟದಲ್ಲಿ ಆಡಿದವಳು ಆಯ್ಕೆಗಾರರ ಕಣ್ಣಿಗೆ ಬೀಳುವುದು ಅಪರೂಪ.

ಹಾಸ್ಟೆಲ್ ಅಥವಾ ಅಕಾಡೆಮಿ ನೋಡಲು ಹೋದಾಗ ಕಟ್ಟಡ ನೋಡಬೇಡಿ. ಅವಳ ವಯಸ್ಸಿನ ಎಷ್ಟು ಹುಡುಗಿಯರು ದಿನಾ ಆಡುತ್ತಾರೆ, ಕೋಚ್ ವಾರಕ್ಕೆ ಎಷ್ಟು ದಿನ ಅಂಕಣದಲ್ಲಿರುತ್ತಾರೆ, ಕಳೆದ ವರ್ಷ ತಂಡ ಎಷ್ಟು ಪಂದ್ಯ ಆಡಿತು, ಪೆಟ್ಟಾದರೆ ಯಾವ ವೈದ್ಯರ ಬಳಿ ಕರೆದೊಯ್ಯುತ್ತಾರೆ ಎಂದು ಕೇಳಿ. ಸಂಜೆ ಹೊತ್ತು ಹೇಳದೆ ಹೋಗಿ ನೋಡಿ. ಹಣ ಕೊಟ್ಟರೆ ಭಾರತ ಶಿಬಿರಕ್ಕೆ ಸೇರಿಸುತ್ತೇವೆ ಎನ್ನುವವರಿಂದ ದೂರವಿರಿ, ಶಿಬಿರಕ್ಕೆ ಆಟಗಾರ್ತಿಯರನ್ನು ಕರೆಯುವುದು ಭಾರತ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಮಾತ್ರ. ಜನನ ಪ್ರಮಾಣಪತ್ರ ತಿದ್ದಿಸೋಣ ಎಂಬ ಸಲಹೆಯೂ ಬರಬಹುದು. ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜಿಸುವ ಪದ್ಧತಿಯಿದೆ, ಸಿಕ್ಕಿಬಿದ್ದರೆ ನಿಷೇಧ, ಆಟ ಅಲ್ಲಿಗೆ ಮುಗಿಯಿತು.

ನೌಕರಿಯ ಲೆಕ್ಕ ಈಗಲೇ ತಿಳಿದಿರಲಿ, ಏಕೆಂದರೆ ಕಾಲೇಜು ಆರಿಸುವುದು ಅದರ ಮೇಲೆ ನಿಂತಿದೆ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಒಟ್ಟು 100 ಅಂಕ: ಟ್ರಯಲ್ಸ್‌ಗೆ 40, ಸಾಧನೆಯ ಪ್ರಮಾಣಪತ್ರಗಳಿಗೆ 50, ಓದಿಗೆ 10. ಟ್ರಯಲ್ಸ್‌ನ 40ರಲ್ಲಿ 25 ಬರದಿದ್ದರೆ ಮುಂದಿನ ಲೆಕ್ಕವೇ ಇಲ್ಲ. ವಯಸ್ಸು 18ರಿಂದ 25, ಯಾರಿಗೂ ಸಡಿಲಿಕೆಯಿಲ್ಲ. ವೇತನ ಲೆವೆಲ್ 2ರ ಹುದ್ದೆಗೆ ಮೂಲ ವೇತನ 19,900 ರೂ., ಲೆವೆಲ್ 1ಕ್ಕೆ 18,000, ಭತ್ಯೆಗಳು ಬೇರೆ. ಲೆವೆಲ್ 4 ಮತ್ತು 5ಕ್ಕೆ ಪದವಿ ಮತ್ತು ಅಂತರರಾಷ್ಟ್ರೀಯ ಮಟ್ಟದ ಸಾಧನೆ ಬೇಕು. ಸ್ಥೂಲವಾಗಿ ಹೇಳುವುದಾದರೆ ಲೆವೆಲ್ 2–3ಕ್ಕೆ ಸೀನಿಯರ್ ಅಥವಾ ಜೂನಿಯರ್ ರಾಷ್ಟ್ರೀಯ ಟೂರ್ನಿಯಲ್ಲಿ, ಇಲ್ಲವೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮೊದಲ ಮೂರರೊಳಗಿನ ಸ್ಥಾನ ಕೇಳುತ್ತಾರೆ. ಪ್ರತಿ ಅಧಿಸೂಚನೆಯನ್ನೂ ಸಾಲು ಸಾಲಾಗಿ ಓದಿ, ಯಾವ ಪೊಸಿಷನ್‌ನವರು ಬೇಕು ಎಂದೂ ಬರೆದಿರುತ್ತಾರೆ.

ಇಲ್ಲಿ ಬಹಳ ಮನೆಗಳವರು ಎಡವುವ ಒಂದು ನಿಯಮವಿದೆ. ಸಾಧನೆ ಲೆಕ್ಕಕ್ಕೆ ಬರುವುದು ಅಧಿಸೂಚನೆಯ ಆರ್ಥಿಕ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳದ್ದು ಮಾತ್ರ. 16ರಲ್ಲಿ ಗೆದ್ದ ರಾಷ್ಟ್ರೀಯ ಪದಕ 20ರಲ್ಲಿ ಗೋಡೆಗೆ ಮಾತ್ರ ಚೆಂದ. ಆದ್ದರಿಂದ 18ರಿಂದ 21ರ ನಡುವೆ ಅವಳು ಗೆಲ್ಲುವ ತಂಡದಲ್ಲಿ ಇರಬೇಕು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಿಂದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ, ಆ ನಾಲ್ಕರಲ್ಲಿ ಆಗಾಗ ಕಾಣುವ ವಿಶ್ವವಿದ್ಯಾಲಯಕ್ಕೆ ಪದವಿಗೆ ಸೇರಿಸಿ. ಚೆನ್ನೈ, ಕೇರಳ, ಬೆಂಗಳೂರಿನ ಕೆಲವು ವಿಶ್ವವಿದ್ಯಾಲಯಗಳು ಇಂಥ ಆಟಗಾರ್ತಿಯರಿಗೆ ಶುಲ್ಕ, ಹಾಸ್ಟೆಲ್ ಮಾಫಿ ಮಾಡಿ ಕರೆದುಕೊಳ್ಳುತ್ತವೆ. ಮನೆ ಹತ್ತಿರ ಎಂದು ಆಟವಿಲ್ಲದ ಕಾಲೇಜಿಗೆ ಸೇರಿಸಿದರೆ ಆ ಮೂರು ವರ್ಷಗಳನ್ನು ಮರಳಿ ಪಡೆಯಲಾಗದು.

ವಿದೇಶದ ಕನಸು ಅವಳಿಗಿದ್ದರೆ ಚಿವುಟಬೇಡಿ, ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ) ಡಿವಿಷನ್ 1ರಲ್ಲಿ, ಅಂದರೆ ಅದರ ಮೇಲಿನ ದರ್ಜೆಯಲ್ಲಿ ಆಡಿದ್ದಾರೆ. ಅಲ್ಲಿಗೆ 9ರಿಂದ 12ನೇ ತರಗತಿಯವರೆಗಿನ 16 ಮುಖ್ಯ ವಿಷಯಗಳ ಅಂಕ ಲೆಕ್ಕಕ್ಕೆ ಬರುತ್ತದೆ, ಕನಿಷ್ಠ ಸರಾಸರಿ 4ಕ್ಕೆ 2.3. ಅಂದರೆ ಅವಳು ಈಗ ಓದುತ್ತಿರುವ ತರಗತಿಯೇ ಎಣಿಕೆಯಲ್ಲಿದೆ. 12 ಮುಗಿದ ಮೇಲೆ ಕಾಲೇಜು ಸೇರುವುದನ್ನು ಒಂದು ವರ್ಷಕ್ಕಿಂತ ಹೆಚ್ಚು ತಡಮಾಡಬೇಡಿ, ಆಡುವ ಅರ್ಹತೆಯೇ ಕರಗಬಹುದು. ಕೋಚ್‌ಗಳಿಗೆ ಕಳಿಸುವ ವಿಡಿಯೊ ನಾಲ್ಕು ನಿಮಿಷ ಮೀರದಿರಲಿ, ಜೊತೆಗೆ ಒಂದು ಇಡೀ ಪಂದ್ಯದ ಚಿತ್ರೀಕರಣ ಇರಲಿ. ಒಳ್ಳೆಯ ಕೋಚ್ ನೋಡುವುದು ಬುಟ್ಟಿ ಬಿದ್ದದ್ದನ್ನಲ್ಲ, ಬೀಳದೆ ಹೋದಾಗ ಅವಳು ಹಿಂದಕ್ಕೆ ಓಡಿದಳೇ ಎಂಬುದನ್ನು. ಮುಂದೆ ಯಾವತ್ತಾದರೂ ವಿದೇಶಿ ಕ್ಲಬ್‌ನ ಒಪ್ಪಂದ ಬಂದರೆ ಎರಡು ವಿಷಯ ನೋಡಿ: ಏಜೆಂಟ್‌ಗೆ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಪರವಾನಗಿ ಇರಬೇಕು, ವೇತನದ ತಕರಾರು ಜಿನೀವಾದ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಗೆ ಹೋಗುತ್ತದೆ ಎಂಬ ಕಲಮು ಒಪ್ಪಂದದಲ್ಲಿರಬೇಕು. ಅದಿಲ್ಲದೆ ಸಂಬಳ ಬಾಕಿ ಉಳಿಸಿದ ಕ್ಲಬ್‌ನಿಂದ ವಸೂಲಿ ಬಹಳ ಕಷ್ಟ.

ದೇಹದ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಅಪಾಯ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು, ಇದು ಹುಡುಗರಿಗಿಂತ ಹೆಚ್ಚು. ಯಾರೂ ಮುಟ್ಟದೆಯೇ ಆಗುತ್ತದೆ: ಒಂಟಿಕಾಲಲ್ಲಿ ಇಳಿದು, ಮಂಡಿ ಒಳಕ್ಕೆ ಬಾಗಿ, ದೇಹ ತಿರುಗಿದಾಗ. ತಪ್ಪಿಸುವ ದಾರಿ ಇಳಿಯುವುದನ್ನು ಕಲಿಸುವುದು. ವಾರಕ್ಕೆ ಮೂರು ಸಲ, 15 ನಿಮಿಷ: ಸಣ್ಣ ಮೆಟ್ಟಿಲಿನಿಂದ ಎರಡೂ ಕಾಲಲ್ಲಿ ಸದ್ದಿಲ್ಲದೆ ಇಳಿಯುವುದು, ಮಂಡಿ ಪಾದದ ಬೆರಳಿನ ನೇರಕ್ಕೆ ಇರಬೇಕು. ಎದುರಿನಿಂದ ಮೊಬೈಲ್‌ನಲ್ಲಿ ನಿಧಾನಗತಿಯಲ್ಲಿ ತೆಗೆದರೆ ನಿಮಗೇ ಕಾಣುತ್ತದೆ. ಮಂಡಿಯಲ್ಲಿ ಟಪ್ ಎಂದ ಹಾಗಾಗಿ ಕೆಲವೇ ಗಂಟೆಯಲ್ಲಿ ಊದಿದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಮೂಳೆ ವೈದ್ಯರ ಬಳಿ ಹೋಗಿ ಎಂಆರ್‌ಐ ಮಾಡಿಸಿ. ಶಸ್ತ್ರಚಿಕಿತ್ಸೆಯಾದರೆ ಅಂಕಣಕ್ಕೆ ಮರಳಲು ಕನಿಷ್ಠ 9 ತಿಂಗಳು, ಅದಕ್ಕೆ ಮುಂಚೆ ಯಾವ ಟೂರ್ನಿಯೂ ಬೇಡ.

ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆಯಿದ್ದರೆ ಎಷ್ಟು ಓಡಿಸಿದರೂ ದಮ್ಮು ಬರುವುದಿಲ್ಲ, ಮನೆಯವರು ಸೋಮಾರಿತನ ಎನ್ನುತ್ತಾರೆ. ಕಾಫಿಯ ನಾಡಿನವರಿಗೆ ಹೇಳಲು ಕಷ್ಟ, ಆದರೂ ಹೇಳುತ್ತೇನೆ: ಊಟದ ಜೊತೆ ಕಾಫಿ, ಟೀ ಬೇಡ, ಒಂದು ಗಂಟೆ ಅಂತರವಿರಲಿ. ಅದು ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. 55 ಕಿಲೋ ತೂಕದ ಹುಡುಗಿಗೆ ದಿನಕ್ಕೆ 80 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಎರಡು ಮೊಟ್ಟೆ, ಎರಡು ಲೋಟ ಹಾಲು, ಒಂದು ಹೊತ್ತು ಕೋಳಿ ಅಥವಾ ಮೀನು, ಒಂದು ಹೊತ್ತು ಬೇಳೆ–ಕಾಳು ಸೇರಿದರೆ ಆಯಿತು. ಡಬ್ಬಿಯ ಪುಡಿ ಬೇಕಿಲ್ಲ, ಅಪಾಯವೂ ಇದೆ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್ ಅವರ 2019ರ ಪರೀಕ್ಷೆಯಲ್ಲಿ ಹಿಜೆನಮಿನ್ ಎಂಬ ನಿಷೇಧಿತ ವಸ್ತು ಸಿಕ್ಕಿ ಎರಡು ವರ್ಷ ನಿಷೇಧವಾಯಿತು. ಅದು ಸಪ್ಲಿಮೆಂಟ್‌ಗಳಲ್ಲಿ ಕಾಣಿಸಿಕೊಳ್ಳುವ ವಸ್ತು. ಯಾವ ಮಾತ್ರೆ, ಸಿರಪ್ ಕೊಡುವ ಮುಂಚೆಯೂ ಕ್ರೀಡಾಪಟು ಎಂದು ವೈದ್ಯರಿಗೆ ಹೇಳಿ.

ಹಾಕಿ ಬಿಡಿಸಬೇಡಿ, ಕನಿಷ್ಠ ಎಸ್ಸೆಸ್ಸೆಲ್ಸಿಯವರೆಗೆ. ಹಾಕಿ ಆಡಿದ ಮಗುವಿಗೆ ಜಾಗ ಓದುವುದು, ಅಡ್ಡ ಓಡುವುದು, ತಗ್ಗಿ ನಿಂತು ಎದುರಾಳಿಯನ್ನು ತಡೆಯುವುದು ಮೊದಲೇ ಬಂದಿರುತ್ತದೆ, ಒಳ್ಳೆಯ ಡಿಫೆಂಡರ್‌ಗೆ ಅದೇ ಬುನಾದಿ. ತಿದ್ದಬೇಕಾದವು ಎರಡು. ಹಾಕಿಯವರು ಸೊಂಟದಿಂದ ಬಾಗುತ್ತಾರೆ, ಇಲ್ಲಿ ಮಂಡಿಯಿಂದ ತಗ್ಗಿ ಎದೆ ಎತ್ತಿರಬೇಕು. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ದೇಹದ ಬಲಕ್ಕೇ ಇರುತ್ತದೆ, ಹಾಗಾಗಿ ಎಡಕ್ಕೆ ನುಗ್ಗುವುದು ಅವಳಿಗೆ ನಿಧಾನ, ಎಡಗೈ ಅಭ್ಯಾಸ ಹೆಚ್ಚು ಕೇಳಿದ್ದು ಇದಕ್ಕೂ ಸೇರಿಯೇ. ಬೇಸಿಗೆಯ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ನಿಮ್ಮ ಒಕ್ಕದ ತಂಡಕ್ಕೆ ಆಡುವುದಾದರೆ ಆಡಲಿ. ಬ್ಯಾಸ್ಕೆಟ್‌ಬಾಲ್ ಆಯ್ಕೆ ಟ್ರಯಲ್ಸ್ ಇರುವ ಎರಡು ವಾರ ಮುಂಚೆ ಮಾತ್ರ ಹಾಕಿ ನಿಲ್ಲಿಸಿ.

ಕೊನೆಗೆ, ಈ ವಾರವೇ ಒಂದು ಫೈಲ್ ಮಾಡಿ. ಜನನ ಪ್ರಮಾಣಪತ್ರ, ಆಧಾರ್, 9ನೇ ತರಗತಿಯಿಂದ ಪ್ರತಿ ವರ್ಷದ ಅಂಕಪಟ್ಟಿ, ತಾಲ್ಲೂಕಿನಿಂದ ವಿಭಾಗದವರೆಗಿನ ಪ್ರತಿ ಕ್ರೀಡಾಕೂಟದ ಪ್ರಮಾಣಪತ್ರ. ಎಲ್ಲ ಕಡೆ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇರಲಿ. ಮನೆಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮುಂಚೆ ಶಾಲೆಯಲ್ಲಿ ಸರಿಪಡಿಸಿಕೊಳ್ಳಿ. ಈ ವರ್ಷದ ವಿಭಾಗ ಮಟ್ಟದ ಪ್ರಮಾಣಪತ್ರ ಕೈಗೆ ಬಂದಿಲ್ಲವಾದರೆ ದೈಹಿಕ ಶಿಕ್ಷಕರ ಮೂಲಕ ಈಗಲೇ ಕೇಳಿ ತರಿಸಿ, ಮೂರು ವರ್ಷದ ನಂತರ ಕೇಳಿದರೆ ದಾಖಲೆ ಸಿಗುವುದಿಲ್ಲ.